ರಾಗಿಯ ಮಾನಾಪಮಾನಗಳು

ಧಾನ್ಯಗಳಲ್ಲಿ ಮೇಲು ಯಾವುದು, ಕೀಳು ಯಾವುದು ಎಂಬ ವಿವಾದ ನಮ್ಮ ನಾಡಿಗೆ ಹೊಸತಲ್ಲ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಯನ್ನೇ ಗೆಲ್ಲಿಸಿದರು. ಕಾವ್ಯದ ತೀರ್ಪು ಹಾಗಿದ್ದರೂ ಅಡುಗೆಮನೆಯ ತೀರ್ಪು ಬೇರೆಯಾಗಿಯೇ ನಡೆದು ಬಂದಿತು. ನನ್ನ ಬಾಲ್ಯದಲ್ಲಿ ನಾಗಮಂಗಲದ ಕಡೆಯ ನಮ್ಮ ಬಂಧುಗಳ ಮನೆಗೆ ಪಟ್ಟಣದ ಅತಿಥಿಗಳು ಬಂದರೆ ಅವರಿಗೆ ನಡುಮನೆಯಲ್ಲಿ ಅನ್ನ ಬಡಿಸಿ, ಮನೆಯವರು ಒಳಗೆ ಕುಳಿತು ಮುದ್ದೆ ಉಣ್ಣುತ್ತಿದ್ದರು; ಬಾಗಿಲನ್ನು ಅರೆ ಮುಚ್ಚಿರುತ್ತಿದ್ದರು. ಇಂದು ಅದೇ ಮನೆಯ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಮೊಬೈಲಿನ ಆಹಾರೋಪದೇಶಗಳನ್ನು ಕೇಳಿ, ರಾಗಿ ಮಾಲ್ಟಿನ ಪೊಟ್ಟಣಗಳನ್ನು ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಅಂದಿನ ನಾಚಿಕೆಯೂ ಇಂದಿನ ಭಕ್ತಿಯೂ ಹೊರಗಿನವರು ಹೇಳಿಕೊಟ್ಟವೇ. ಈ ಎರಡರ ನಡುವೆ ನಮ್ಮ ತಟ್ಟೆಯಿಂದ ಸದ್ದಿಲ್ಲದೆ ಜಾರಿಹೋದುದು ಯಾವುದು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಟಿಪ್ಪು ಮಡಿದ ಮರುವರ್ಷ, ಅಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದನು. ಶ್ರೀರಂಗಪಟ್ಟಣದ ಸುತ್ತಲಿನ ಬೇಸಾಯವನ್ನು ಆತ ಬಹು ವಿವರವಾಗಿ ಬರೆದಿಟ್ಟಿದ್ದಾನೆ. ರಾಗಿಯು ದುಡಿಯುವ ಜನರ ಮುಖ್ಯ ಆಹಾರವೆಂಬುದು ಆತನ ಕಣ್ಣಿಗೆ ಬಿದ್ದಿತ್ತು. ಅದಕ್ಕಿಂತ ಮುಖ್ಯವಾಗಿ, ರಾಗಿಯ ಹೊಲದಲ್ಲಿ ರಾಗಿಯೊಂದೇ ಇರಲಿಲ್ಲವೆಂಬುದೂ ಬಿದ್ದಿತ್ತು. ನಡುನಡುವೆ ಅವರೆ, ತೊಗರಿಗಳ ಸಾಲುಗಳಿದ್ದವು. ಇದನ್ನೇ ನಮ್ಮ ರೈತರು ಅಕ್ಕಡಿ ಸಾಲು ಎನ್ನುವರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ಕೊಯ್ದ ರಾಗಿಯನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಗಟ್ಟಿ ನೆಲದಲ್ಲಿ ತೋಡಿದ ಈ ಕುಳಿಗಳಿಗೆ ಹುಲ್ಲು ಹಾಸಿ, ಕಾಳು ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಮುಟ್ಟದು. ಗಾಳಿಯಾಡದ ಹಗೇವಿಗೆ ಇಳಿದವನ ಉಸಿರು ಕಟ್ಟುವ ಭಯವಿದ್ದುದರಿಂದ, ಬಾಯಿ ತೆರೆದೊಡನೆ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ೧೮೭೬–೭೮ರ ಕ್ಷಾಮದಲ್ಲಿ ಮಳೆ ಮೇಲಿಂದ ಮೇಲೆ ಕೈಕೊಟ್ಟಾಗ ಹಗೇವುಗಳೂ ಬರಿದಾದವು. ಮೈಸೂರು ಸಂಸ್ಥಾನವು ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಕನಕದಾಸರ ಕೆಡದ ಧಾನ್ಯಕ್ಕೂ ಒಂದು ಮಿತಿಯಿತ್ತು.

ಕ್ಷಾಮದ ಈ ನೆನಪೂ ನೀರಾವರಿಯ ಹಂಬಲವನ್ನು ಬಲಪಡಿಸಿರಬೇಕು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ೧೯೩೦ರ ದಶಕದ ಆದಿಯಲ್ಲಿ ಪೂರ್ಣಗೊಂಡಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಬಯಲಿಗೆ ಹರಿಯಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಚಿಕ್ಕದೇವರಾಜ ನಾಲೆಯಂಥ ಹಳೆಯ ಕಾಲುವೆಗಳಿದ್ದ ಶ್ರೀರಂಗಪಟ್ಟಣಕ್ಕೆ ಭತ್ತ ಹೊಸತಲ್ಲ. ಪಾಂಡವಪುರದ ಕಡೆಯ ಎಷ್ಟೋ ಹೊಲಗಳು ಮಾತ್ರ ಈಗ ಗದ್ದೆಗಳಾದವು. ಹೇಮಾವತಿಯ ಹಳೆಯ ಅಣೆಗಳ ಕೆಳಗಿನ ಊರುಗಳನ್ನುಳಿದರೆ ಕೃಷ್ಣರಾಜಪೇಟೆಯೂ, ಬಹುಮಟ್ಟಿಗೆ ನಾಗಮಂಗಲವೂ ಮಳೆಯನ್ನೇ ನಂಬಿ ಉಳಿದವು. ಅಲ್ಲಿಂದ ಮುಂದೆ ಅಕ್ಕಿ ಸಿರಿವಂತಿಕೆಯ ಗುರುತು, ರಾಗಿ ಬೆದ್ದಲಿನ ಗುರುತು. ಹೆಣ್ಣು ಕೊಡುವವರು ನಾಲೆಯ ಊರನ್ನು ಹುಡುಕಿದರು. ಅವರನ್ನು ನಿಂದಿಸಲಾಗದು, ನೀರು ಹೊರುವ ಕಷ್ಟವನ್ನು ಕಂಡ ತಾಯಿ ಮತ್ತೇನನ್ನು ಹುಡುಕಿಯಾಳು?

ಆ ನಾಲೆಯ ಹೆಸರನ್ನೇ ಹೊತ್ತ ಮಂಡ್ಯದ ವಿ.ಸಿ. ಫಾರಂನಲ್ಲಿಯೇ ರಾಗಿಗೆ ಹೊಸ ಆಯುಷ್ಯ ದೊರೆತದ್ದು ಒಂದು ಸೋಜಿಗ. ಸಿ.ಎಚ್. ಲಕ್ಷ್ಮಣಯ್ಯನವರು (೧೯೨೧–೧೯೯೩) ಈ ನೆಲದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ರಾಗಿಯ ಹೂವು ಅತಿ ಸೂಕ್ಷ್ಮ, ಮೇಲಾಗಿ ತನ್ನಲ್ಲಿಯೇ ಪರಾಗಸ್ಪರ್ಶ ಹೊಂದುವಂಥದು. ಅದನ್ನು ಬೇರೊಂದು ತಳಿಯೊಡನೆ ಕೂಡಿಸುವುದು ತಪಸ್ಸಿನಂಥ ಕೆಲಸ. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲವೆಂದು ತಜ್ಞರು ಒಪ್ಪಿರುವುದರಿಂದ, ಸಾವಿರಾರು ವರ್ಷಗಳ ಹಿಂದೆ ಅಗಲಿದ ದಾಯಾದಿಗಳನ್ನು ಅವರು ಮತ್ತೆ ಕೂಡಿಸಿದರೆನ್ನಬಹುದು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

ಇನ್ನು ಪೋಷಣೆಯ ವಿಚಾರ. ೧೯೨೦ರ ದಶಕದಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಭಾರತದ ನಾನಾ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ, ಅವುಗಳ ಬೆಳವಣಿಗೆಯನ್ನು ತೂಗಿ ನೋಡಿದರು. (ಈ ವಿಧಾನ ನಮ್ಮ ಓದುಗರಿಗೆ ಹಿತವೆನಿಸದು, ನನಗೂ ಹಿತವೆನಿಸಿಲ್ಲ.) ಸಿಖ್ಖರ ಊಟ ಮೊದಲನೆಯದು, ಮದರಾಸಿನದು ಕೊನೆಯದು, ಕನ್ನಡಿಗರದು ಏಳರಲ್ಲಿ ಐದನೆಯದು. ಗೋಧಿಯೇ ಬಲ, ಅಕ್ಕಿಯೇ ದೌರ್ಬಲ್ಯವೆಂದು ಇದರಿಂದ ತೀರ್ಮಾನಿಸುವುದು ಸುಲಭ. ಆದರೆ ತೂಗಿದ್ದು ಬರಿಯ ಧಾನ್ಯವನ್ನಲ್ಲ, ಹಾಲು, ಬೇಳೆ, ಸೊಪ್ಪುಗಳು ಕೂಡಿದ ಇಡೀ ಊಟವನ್ನು. ಒಂದು ಊಟದಿಂದ ಒಂದೇ ಕಾಳನ್ನು ಹೆಕ್ಕಿ ಅದಕ್ಕೆ ಕಿರೀಟವಿಡುವ ಚಟ ಮೊಬೈಲಿಗಿಂತ ಹಳೆಯದು.

ಕೂನೂರಿನ ಆ ಪ್ರಯೋಗಾಲಯವೇ ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದರ ಹಳೆಯ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ೩೪೪ ಮಿಲಿಗ್ರಾಂ, ೨೦೧೭ರ ಕೋಷ್ಟಕದಂತೆ ೩೬೪ ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇದು ಸತ್ಯ. ಆದರೆ ರಾಗಿಯಲ್ಲಿರುವ ಫೈಟೇಟು, ಆಕ್ಸಲೇಟುಗಳು ಆ ಸುಣ್ಣದ ಒಂದು ಪಾಲನ್ನು ಮೈಗೆ ಹತ್ತಗೊಡುವುದಿಲ್ಲ ಎಂಬುದೂ ಅಷ್ಟೇ ಸತ್ಯ. ಆದ್ದರಿಂದ ಮಕ್ಕಳಿಗೆ ಹಾಲು ಬಿಡಿಸಿ ರಾಗಿ ಕುಡಿಸಿರೆಂಬ ಉಪದೇಶ ಆತುರದ್ದು. ಮಧುಮೇಹಿಗಳು ರಾಗಿಯನ್ನು ಬೇಕಾದಷ್ಟು ತಿನ್ನಬಹುದೆಂಬ ಮಾತೂ ಹಾಗೆಯೇ. ರಾಗಿಯ ಶಕ್ತಿಯ ಪ್ರಮಾಣ ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ಬೆಲ್ಲ ಬೆರೆಸಿದ ನಯವಾದ ಮಾಲ್ಟು ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇಂಥ ಮಾತುಗಳು ಇನ್ನಷ್ಟು ಹೆಚ್ಚಿವೆ. ಹೇಳುವವರಲ್ಲಿ ಬಹಳ ಮಂದಿ ಮಾರುವವರೂ ಹೌದು.

ಈಗ ಅಕ್ಕಡಿ ಸಾಲಿಗೆ ಮರಳೋಣ. ರಾಗಿಯಲ್ಲಿ ಪ್ರೋಟೀನು ನೂರಕ್ಕೆ ಏಳರಷ್ಟು ಮಾತ್ರ, ಅದರಲ್ಲಿಯೂ ಲೈಸಿನ್ ಎಂಬ ಅಂಶ ಕೊರತೆ. ಹುರುಳಿಯಲ್ಲಿ ಪ್ರೋಟೀನು ಇಪ್ಪತ್ತೆರಡರಷ್ಟು, ಅವರೆಯಲ್ಲಿ ಅದಕ್ಕೂ ತುಸು ಹೆಚ್ಚು; ಲೈಸಿನ್ ಅಲ್ಲಿ ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಹುರುಳಿಯ ಸಾರನ್ನೂ ಅವರೆಯ ಬಸ್ಸಾರನ್ನೂ ಜೊತೆಮಾಡಿದ ಹೆಂಗಸರಿಗೆ ಈ ಹೆಸರುಗಳು ತಿಳಿದಿರಲಿಲ್ಲ, ಜೊತೆ ಮಾತ್ರ ತಿಳಿದಿತ್ತು. ಕಳೆ ಕೀಳುವಾಗ ಮಡಿಲಿಗೆ ಬಂದ ಅಣ್ಣೆ, ಗಣಿಕೆ, ಹೊನಗನ್ನೆಗಳು ಬೆರಕೆ ಸೊಪ್ಪಾಗಿ ಒಲೆ ಸೇರುತ್ತಿದ್ದವು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ನಮ್ಮ ಮನೆಗಳಲ್ಲಿಯೂ ಈ ಸಾರುಗಳು ರುಚಿಗೆಟ್ಟುದನ್ನು ನಾನು ಕಂಡಿಲ್ಲ.

ರಾಗಿಯ ಮಾನ ಮರಳಿ ಬಂದಿತು, ಇವುಗಳದು ಬರಲಿಲ್ಲ. ಕೊಯ್ಲಿನ ಯಂತ್ರಕ್ಕೆ ಒಂದೇ ಬೆಳೆಯ ಹೊಲ ಬೇಕು. ಅಗಲ ಎಲೆಯ ಕಳೆಯನ್ನು ಕೊಲ್ಲುವ ಔಷಧಿಗೆ ಅವರೆಯೂ ಒಂದೇ, ಅಣ್ಣೆಯೂ ಒಂದೇ. ಪೊಟ್ಟಣದ ಮೇಲೆ ಅಕ್ಕಡಿಯ ಚಿತ್ರವಿಲ್ಲ. ಕಳೆದ ಮಾಗಿಯಲ್ಲಿ ಕಂಬದಹಳ್ಳಿಯ ಬಸದಿಗೆ ಹೋಗುವ ದಾರಿಯಲ್ಲಿ, ಕೊಯ್ಲಾದ ರಾಗಿಯ ಕೂಳೆಗಳ ನಡುವೆ ಅವರೆಯ ಸಾಲು ಹೂಬಿಟ್ಟಿದ್ದ ಒಂದು ಹೊಲ ಕಂಡು ನಿಂತೆ. ಹೊಲದೊಡತಿ ವಯಸ್ಸಾದವರು. “ಮಿಷಿನ್ನೋರು ಈ ಹೊಲಕ್ಕೆ ಇಳಿಯಾಕಿಲ್ಲ ಸ್ವಾಮಿ, ಕೈನಾಗೇ ಕುಯ್ಸಿದ್ದು” ಎಂದರು. ಮಕ್ಕಳು ಬೈಯುವರಂತೆ. “ರಾಗಿ ಒಂದನ್ನೇ ಬೆಳೆದ್ರೆ ಸಾರಿಗೇನು ಮಾಡಾದು?” ಎಂದು ನನ್ನನ್ನೇ ಕೇಳಿ, ಸೊಗಡು ಬಿಟ್ಟ ಎರಡು ಹಿಡಿ ಕಾಯನ್ನು ನನ್ನ ಚೀಲಕ್ಕೆ ಹಾಕಿದರು.