ಐನೂರ್ವರ ಆಯ, ಮಠದ ಔಷಧ, ಅರಸನ ಮಾನ್ಯ

ಬಾಗಲಕೋಟೆ ಜಿಲ್ಲೆಯ ಅಮೀನಗಡಕ್ಕೆ ಅನತಿದೂರದಲ್ಲಿರುವ ಐಹೊಳೆಯನ್ನು ಚಾಲುಕ್ಯ ಶಿಲ್ಪದ ತೊಟ್ಟಿಲೆಂದು ನಾವೆಲ್ಲರೂ ಬಲ್ಲೆವು. ಆದರೆ ಅಯ್ಯಾವೊಳೆ ಎಂಬ ಅದರ ಹಳೆಯ ಹೆಸರನ್ನು ದೂರದೇಶಗಳಿಗೆ ಒಯ್ದವರು ಶಿಲ್ಪಿಗಳಲ್ಲ, 'ಐನೂರ್ವರು' ಎಂದು ಕರೆದುಕೊಂಡ ವರ್ತಕರು. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಅವರ ಉಲ್ಲೇಖವಿದೆ. ಈ ಸಂಘದ ದತ್ತಿಗಳ ಹಿನ್ನೆಲೆಯಲ್ಲಿ ಒಂದು ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ: ಒಂದೇ ಶ್ರದ್ಧೆಯ ಜನರು ಹಣ ಕೂಡಿಸಿ ರೋಗಿಗಳ ಉಪಚಾರಕ್ಕೆ ನೆರವಾದರೆ, ರಾಜ್ಯವು ತನ್ನ ತೆರಿಗೆಯನ್ನು ಯಾವ ನ್ಯಾಯದ ಮೇಲೆ ಬಿಡಬೇಕು?

ಐನೂರ್ವರದು ಕೇವಲ ವ್ಯಾಪಾರದ ಕೂಟವಾಗಿರಲಿಲ್ಲ. ತಮ್ಮನ್ನು ಅವರು ವೀರಬಣಂಜುಧರ್ಮದ ಪ್ರತಿಪಾಲಕರೆಂದೂ ಅಯ್ಯಾವೊಳೆಯ ದೇವಿಯ ಮಕ್ಕಳೆಂದೂ ಹೇಳಿಕೊಂಡರು. ವರ್ತಕರು ಒಂದೆಡೆ ನೆರೆದು, ತಾವು ಮಾರುವ ಸರಕುಗಳ ಮೇಲೆ ತಾವೇ ಒಂದು ಆಯವನ್ನು ಗೊತ್ತುಮಾಡಿ, ಅದನ್ನು ದೇವಾಲಯಕ್ಕೋ ಬಸದಿಗೋ ಮಠಕ್ಕೋ ಬಿಟ್ಟುಕೊಡುವುದು ಅಂದಿನ ರೂಢಿ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿ ಶಾಸನದಲ್ಲಿ ರಟ್ಟಜಿನಾಲಯಕ್ಕೆ ವರ್ತಕರು ಹೀಗೆ ಬಿಟ್ಟ ಆಯಗಳ ವಿವರ ದೊರೆಯುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ವರ್ತಕರ ಆಯವು ಅವರು ತಾವಾಗಿ ಹೊತ್ತ ಹೊರೆ. ಅರಸನ ಸುಂಕ ಅದರಿಂದ ಪ್ರತ್ಯೇಕ. ಅರಸನು ತೆರಿಗೆಯನ್ನು ಬಿಟ್ಟಾಗ ಆ ಮಾನ್ಯವು ಸಾಮಾನ್ಯವಾಗಿ ದತ್ತಿಯ ಭೂಮಿಗೆ ಅಂಟಿಕೊಂಡಿರುತ್ತಿತ್ತು. ಸರ್ವನಮಸ್ಯ, ಸರ್ವಬಾಧಾಪರಿಹಾರ ಎಂಬ ಶಾಸನಪದಗಳ ತಾತ್ಪರ್ಯವಿದೇ. ಅಂದರೆ ಬೊಕ್ಕಸಕ್ಕೆ ಬರಬೇಕಾದುದು ಕಾಣಿಕೆಯಿತ್ತವನ ಗಂಟಿಗೆ ಮರಳುತ್ತಿರಲಿಲ್ಲ. ಧರ್ಮಕಾರ್ಯ ನಡೆಯುವ ಸ್ಥಾನಕ್ಕೆ ಸಲ್ಲುತ್ತಿತ್ತು.

ಆ ಸ್ಥಾನವು ಯಾರಿಗಾಗಿ ತೆರೆದಿತ್ತು? ಇದಕ್ಕೆ ಉಜ್ವಲವಾದ ಉತ್ತರವು ಬಳ್ಳಿಗಾವೆಯಲ್ಲಿದೆ. ಇಂದು ಶಿಕಾರಿಪುರ ತಾಲೂಕಿಗೆ ಸೇರಿದ ಈ ಊರು ಆಗ ಬನವಾಸಿ ನಾಡಿನ ಪ್ರಮುಖ ಪಟ್ಟಣ. ಐನೂರ್ವರ ಹೆಸರು ಇಲ್ಲಿನ ಶಾಸನಗಳಲ್ಲಿಯೂ ಬರುತ್ತದೆ. ಕಳಚೂರಿ ಬಿಜ್ಜಳನ ಕಾಲದ, 1162ರ ಶಾಸನವು ಕಾಳಾಮುಖ ಶೈವರ ಕೋಡಿಯ ಮಠವನ್ನು ವರ್ಣಿಸುವಾಗ ಅದರ ವಿದ್ಯಾವೈಭವಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವೂ ನಾನಾ ರೋಗಪೀಡಿತರಾದ ದಿಕ್ಕಿಲ್ಲದವರಿಗೆ ಚಿಕಿತ್ಸೆಯೂ ದೊರೆಯುವ ಎಡೆಯೆಂದು ಅದನ್ನು ಕೊಂಡಾಡುತ್ತದೆ. ಮಠವು ಒಂದು ಪಂಥಕ್ಕೆ ಸೇರಿದುದು. ಆದರೆ ರೋಗಿಯ ಪಂಥವನ್ನು ಶಾಸನವು ಎಣಿಸುವುದಿಲ್ಲ. ಶಾಸನದ ಪ್ರಶಂಸೆಯಲ್ಲಿ ಅತಿಶಯೋಕ್ತಿಯಿರಬಹುದು. ಆದರೂ ಯಾವುದನ್ನು ಪ್ರಶಂಸಾರ್ಹವೆಂದು ಆ ಕಾಲವು ಬಗೆದಿತ್ತೆಂಬುದಕ್ಕೆ ಅದು ನಂಬತಕ್ಕ ಸಾಕ್ಷ್ಯ.

ಎಲ್ಲ ದತ್ತಿಗಳೂ ಹೀಗೆಯೇ ಇದ್ದುವೆಂದು ಭಾವಿಸಲಾಗದು. ಚೋಳ ವೀರರಾಜೇಂದ್ರನ (1063–1070) ಕಾಲದ ತಿರುಮುಕ್ಕೂಡಲ್ ಶಾಸನದಲ್ಲಿ ಹದಿನೈದು ಹಾಸಿಗೆಗಳ ಆತುರಶಾಲೆಯ ವಿವರವಿದೆ. ವೈದ್ಯ, ಶಸ್ತ್ರಚಿಕಿತ್ಸಕ, ಮೂಲಿಕೆ ತರುವವರು, ದಾದಿಯರು ಎಲ್ಲರಿಗೂ ವೇತನ ಗೊತ್ತಾಗಿತ್ತು. ಆದರೆ ಅದು ಮುಖ್ಯವಾಗಿ ಅಲ್ಲಿನ ವಿದ್ಯಾರ್ಥಿಗಳಿಗೂ ದೇವಾಲಯದ ಪರಿವಾರಕ್ಕೂ ಮೀಸಲು. ಇದಕ್ಕೆ ಪ್ರತಿಯಾಗಿ, ಕಾಕತೀಯ ರುದ್ರಮದೇವಿಯ 1261ರ ಮಲ್ಕಾಪುರಂ ಶಾಸನದಲ್ಲಿ ಪ್ರಸೂತಿಶಾಲೆ, ಆರೋಗ್ಯಶಾಲೆಗಳ ಜೊತೆಗೇ ಬ್ರಾಹ್ಮಣನಿಂದ ಚಂಡಾಲನವರೆಗೆ ಎಲ್ಲರಿಗೂ ಅನ್ನವಿಕ್ಕುವ ಛತ್ರದ ಏರ್ಪಾಡಿದೆ. ಹೀಗೆ ಒಳಗಿನವರ ಆರೋಗ್ಯಕ್ಕಾಗಿ ಇದ್ದ ಧರ್ಮ, ಬಾಗಿಲಿಗೆ ಬಂದವರೆಲ್ಲರಿಗಾಗಿ ಇದ್ದ ಧರ್ಮ ಎಂಬ ಎರಡು ಮಾದರಿಗಳೂ ದಕ್ಷಿಣದಲ್ಲಿ ಇದ್ದುವು. ರಾಜಾಶ್ರಯ ಎರಡಕ್ಕೂ ದೊರೆಯಿತು.

ಇವೆರಡರ ಭೇದವನ್ನು ಗುರುತಿಸಿದ್ದು ಆಧುನಿಕ ಶಾಸನವಿಧಿ. ಭಾರತದ 1961ರ ಆದಾಯ ತೆರಿಗೆ ಕಾಯಿದೆಯು, ಅದು ಜಾರಿಗೆ ಬಂದ ಮೇಲೆ ಒಂದು ಮತಕ್ಕೋ ಜಾತಿಗೋ ಮಾತ್ರ ಹಿತವಾಗುವಂತೆ ಸ್ಥಾಪಿತವಾದ ಧರ್ಮಾರ್ಥ ನ್ಯಾಸಗಳ ಆದಾಯಕ್ಕೆ ವಿನಾಯಿತಿಯನ್ನು ನಿರಾಕರಿಸಿತು. ಅಮೆರಿಕದಲ್ಲಿ ಬೇರೊಂದು ಮಾರ್ಗ ಕಾಣುತ್ತದೆ. ಅಲ್ಲಿ ಸಮಾನ ಶ್ರದ್ಧೆಯ ಸದಸ್ಯರು ತಿಂಗಳಿಗಿಷ್ಟೆಂದು ಹಣವಿತ್ತು ಪರಸ್ಪರರ ವೈದ್ಯವೆಚ್ಚವನ್ನು ಹಂಚಿಕೊಳ್ಳುವ ಸಂಘಗಳಿವೆ. ಇವು ವಿಮೆಯಲ್ಲ, ವೆಚ್ಚ ತುಂಬಿಕೊಡುವ ಭರವಸೆಯನ್ನು ಅವು ಕೊಡುವುದಿಲ್ಲ. 2010ರ ಆರೋಗ್ಯ ಕಾಯಿದೆಯು, 1999ರ ಅಂತ್ಯಕ್ಕೆ ಮೊದಲಿನಿಂದ ನಡೆದುಬಂದ ಇಂಥ ಸಂಘಗಳ ಸದಸ್ಯರನ್ನು ವಿಮೆಯಿಲ್ಲದವರಿಗೆ ವಿಧಿಸಿದ ದಂಡದಿಂದ ಮುಕ್ತಗೊಳಿಸಿತು. 2020ರ ಜೂನ್ ತಿಂಗಳಲ್ಲಿ, ಸದಸ್ಯರು ಕೊಡುವ ಹಣವನ್ನೂ ವೈದ್ಯವೆಚ್ಚವೆಂದು ಎಣಿಸಿ ತೆರಿಗೆಯ ಆದಾಯದಲ್ಲಿ ಕಳೆಯಲು ಅವಕಾಶವೀಯುವ ಕರಡು ನಿಯಮವನ್ನು ಅಲ್ಲಿನ ತೆರಿಗೆ ಇಲಾಖೆ ಪ್ರಕಟಿಸಿತು. ಮಾನ್ಯವು ಇಲ್ಲಿ ಸ್ಥಾನವನ್ನು ಬಿಟ್ಟು ಸದಸ್ಯನನ್ನು ಹಿಂಬಾಲಿಸುತ್ತದೆ.

ಪರಸ್ಪರ ನೆರವು ತಪ್ಪೆಂದು ಯಾರೂ ಹೇಳಲಾರರು. ತಮ್ಮವರ ಕಷ್ಟಕ್ಕೆ ಒದಗುವ ಬಳಗವಿಲ್ಲದೆ ಸಮಾಜವೇ ನಿಲ್ಲದು. ಆದರೆ ಅರಸನು ಬಿಟ್ಟ ತೆರಿಗೆ ಅರಸನ ಸ್ವಂತದ್ದಲ್ಲ. ಉತ್ತು ಬಿತ್ತಿದ ಒಕ್ಕಲು ತೆರಬೇಕಾಗಿದ್ದ, ನಾಡಿಗೆಲ್ಲ ಸೇರಿದ ಹಣ. ಆದುದರಿಂದ ಇತಿಹಾಸದ ವಿದ್ಯಾರ್ಥಿಯು ದತ್ತಿಶಾಸನವನ್ನು ಓದುವಾಗ ದಾನಿಯ ಬಿರುದುಗಳನ್ನೂ ಭೂಮಿಯ ಎಲ್ಲೆಗಳನ್ನೂ ಗುರುತಿಸಿಕೊಂಡರೆ ಸಾಲದು. ಆ ದತ್ತಿಯ ಅನ್ನ, ಔಷಧಗಳು ಯಾರನ್ನು ಮುಟ್ಟಿದುವೆಂಬುದನ್ನೂ ಕೇಳಬೇಕು. ಕೋಡಿಯ ಮಠದ ಬಾಗಿಲಲ್ಲಿ ನಿಂತ ದಿಕ್ಕಿಲ್ಲದ ರೋಗಿಯು ಯಾವ ಸಂಘಕ್ಕೂ ಆಯ ತೆತ್ತವನಲ್ಲ. ಅವನಿಗೂ ಔಷಧ ಸಿಕ್ಕಿತೆಂಬಲ್ಲಿಯೇ ಆ ಮಾನ್ಯದ ಸಮರ್ಥನೆಯಿದೆ.