ಐದು ಸಾವಿರ ಛತ್ರಿಗಳು

ಐತಿಹಾಸಿಕ ಕಾದಂಬರಿ ಎಂದರೆ ನಮ್ಮಲ್ಲಿ ಕೋಟೆ, ಕುದುರೆ, ಕತ್ತಿ. ಹೀಗಿರುವಾಗ ನನಗೆ 1971ರ ಯುದ್ಧದಲ್ಲಿ ವಿಮಾನದಿಂದ ಜಿಗಿದ ಛತ್ರಿಸೈನಿಕರ ಬಗ್ಗೆ ಬರೆಯುವ ಹುಚ್ಚು ಹತ್ತಿತು. ಅದಕ್ಕೊಂದು ಕಾರಣವಿತ್ತು. ಆ ಡಿಸೆಂಬರ್ 11ರ ಸಂಜೆ ಢಾಕಾದ ಉತ್ತರಕ್ಕಿರುವ ಟಂಗೈಲ್ ಬಳಿ ಇಳಿದದ್ದು 2 ಪ್ಯಾರಾ ಬೆಟಾಲಿಯನ್. ಅದು ಮೂಲದಲ್ಲಿ ಮರಾಠಾ ಲಘು ಪದಾತಿದಳದ ಮೂರನೆಯ ಬೆಟಾಲಿಯನ್. ಆ ದಳದ ಕೇಂದ್ರ ನಮ್ಮ ಬೆಳಗಾವಿ.

ಮೊದಲ ಅಧ್ಯಾಯ ಒಂದೇ ವಾರದಲ್ಲಿ ಮುಗಿಯಿತು. ಹಳೆಯ ಪತ್ರಿಕೆಗಳಲ್ಲಿ ಓದಿದ್ದ ‘ಐದು ಸಾವಿರ’ ಎಂಬ ಸಂಖ್ಯೆಯನ್ನು ಹಿಡಿದು ಆಕಾಶದ ತುಂಬ ಮಲ್ಲಿಗೆ ಚೆಲ್ಲಿದಂತೆ ಐದು ಸಾವಿರ ಛತ್ರಿಗಳನ್ನು ಅರಳಿಸಿದೆ. ಹೆಮ್ಮೆಯಿಂದ ಅದನ್ನು ಬೆಳಗಾವಿ ಕಡೆಯ ಹಳ್ಳಿಯೊಂದರಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರಿಗೆ ಓದಿ ಹೇಳಿದೆ. ಅವರು ಅಂದು ಜಿಗಿದವರು.

ನಾಯಕ ಹಗ್ಗ ಎಳೆದು ಛತ್ರಿ ಬಿಚ್ಚುವಲ್ಲಿಯೇ ತಡೆದರು. “ಮಾಸ್ತರ, ಛತ್ರಿ ನಾವು ಬಿಚ್ಚೂದಲ್ರಿ. ವಿಮಾನದಾಗಿನ ತಂತಿಗೆ ನಮ್ಮ ಪಟ್ಟಿ ಸಿಗಿಸಿರ್ತೀವಿ. ಜಿಗಿದ ಕೂಡ್ಲೆ ಅದು ತಾನ ಎಳೀತದ.”

ತಿದ್ದಿಕೊಂಡೆ. ಐದು ಸಾವಿರ ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಅಷ್ಟು ಮಂದಿ ಇದ್ದಿದ್ರ, ಅವತ್ತ ರಾತ್ರಿ ನಾವು ಅಷ್ಟ್ಯಾಕ ಅಂಜತಿದ್ವಿ?”

ಇಳಿದವರು ಸುಮಾರು 700 ಮಂದಿ. ಲೆಫ್ಟಿನೆಂಟ್ ಕರ್ನಲ್ ಪನ್ನು ಅವರ ನಾಯಕರು. ಲೋಹಜಂಗ್ ನದಿಯ ಪೂಂಗ್ಲಿ ಸೇತುವೆಯನ್ನು ಹಿಡಿದು, ಉತ್ತರದಿಂದ ಢಾಕಾದತ್ತ ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನಿ ಬ್ರಿಗೇಡಿನ ದಾರಿ ಕಡಿಯುವುದು ಅವರ ಕೆಲಸ. ಕೆಲವರು ಎಲ್ಲೆಲ್ಲೋ ಚದುರಿ ಬಿದ್ದರು, ಸಾಮಾನು ಕೆರೆಕುಂಟೆಗಳ ಪಾಲಾಯಿತು. ಊರ ಜನ ‘ಜಯ್ ಬಾಂಗ್ಲಾ’ ಎನ್ನುತ್ತ ಓಡಿಬಂದು ಹೊರೆ ಹೊತ್ತರು. ಕತ್ತಲಾಗುವ ಹೊತ್ತಿಗೆ ಸೇತುವೆ ಕೈಗೆ ಬಂತು. ರಾತ್ರಿಯಿಡೀ ಅದನ್ನು ಕಾಯಬೇಕಾಯಿತು.

ಹಾಗಾದರೆ ಐದು ಸಾವಿರ ಎಲ್ಲಿಂದ ಬಂತು? ಸೇನೆಯ ಪ್ರಚಾರಾಧಿಕಾರಿ ರಾಮಮೋಹನ ರಾವ್ ಪತ್ರಿಕೆಗಳಿಗೆ ಕೊಟ್ಟದ್ದು ಹಿಂದೆಂದೋ ನಡೆದ ತಾಲೀಮಿನ ಚಿತ್ರ. ಅದು ತಾಲೀಮಿನದೆಂದು ಅವರು ಹೇಳಲಿಲ್ಲ. ಅತ್ತ ವಿದೇಶದ ಸುದ್ದಿಗಳಲ್ಲಿ ಸೈನಿಕರ ಸಂಖ್ಯೆ ಐದು ಸಾವಿರವಾಯಿತು. ಇಂಥ ಸುದ್ದಿ ಢಾಕಾದಲ್ಲಿದ್ದ ಜನರಲ್ ನಿಯಾಜಿಯ ಧೈರ್ಯ ಕುಗ್ಗಿಸಿತೆಂದು ಹೇಳುವವರಿದ್ದಾರೆ. ಡಿಸೆಂಬರ್ 16ರಂದು ಆತ ಶರಣಾದ. ಶರಣಾಗತಿಗೆ ಕಾರಣಗಳು ಹಲವು. ಈ ಸುದ್ದಿಯ ತೂಕ ಎಷ್ಟೆಂದು ತಕ್ಕಡಿಗೆ ಹಾಕಲಾಗದು.

ಕಟ್ಟುಕತೆ ಯುದ್ಧದ ಒಂದು ಆಯುಧವೇ ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯುದ್ಧ ಮುಗಿದ ಮೇಲೂ ಅದನ್ನೇ ಕಾದಂಬರಿಕಾರ ಹೊತ್ತು ತಿರುಗಿದರೆ? ಐದು ಸಾವಿರ ಎಂದು ಬರೆದಾಗ ನಾನು ಸೈನಿಕರಿಗೆ ಗೌರವ ಕೂಡಿಸಿದೆನೆಂದು ಭಾವಿಸಿದ್ದೆ. ನಿಜವಾಗಿ ಕಳೆದಿದ್ದೆ. ಏಳುನೂರು ಮಂದಿ ಅಂಜುತ್ತಲೇ ಸೇತುವೆ ಬಿಡದೆ ನಿಂತರಲ್ಲ, ಆ ಅಂಜಿಕೆಯನ್ನೂ ಅದರೊಳಗಿನ ಕೆಚ್ಚನ್ನೂ ನನ್ನ ದೊಡ್ಡ ಸಂಖ್ಯೆ ನುಂಗಿಹಾಕಿತ್ತು. ಇತಿಹಾಸ ಬಿಟ್ಟ ತೆರಪನ್ನು ಕಲ್ಪನೆ ತುಂಬಬಹುದು. ಅಲ್ಲಿದ್ದವರ ಅನುಭವವನ್ನು ಒರಸಿ ಅಲ್ಲಿ ಕೂರಬಾರದು.

ಅಧ್ಯಾಯವನ್ನು ಹೊಸದಾಗಿ ಬರೆದೆ. ಈಗ ಅದರಲ್ಲಿ ಒಂದೇ ಛತ್ರಿ ಇದೆ. ಅದು ಕೆರೆಯಲ್ಲಿ ಬೀಳುತ್ತದೆ. ದಡದಲ್ಲಿ ಯಾರೋ ನಿಂತಿದ್ದಾರೆ. ಅವರು ಯಾರ ಕಡೆಯವರೆಂದು ನೀರಿನಲ್ಲಿರುವವನಿಗೆ ಇನ್ನೂ ತಿಳಿದಿಲ್ಲ.

ಹವಾಲ್ದಾರರಿಗೆ ಓದಿದೆ. “ಹಾಂ, ನೀರು ಭಾಳ ತಣ್ಣಗಿತ್ತರಿ” ಎಂದರು.