ಸತ್ಯಜಿತ್ ರೇ: ಕುಂಚವೇ ಮೊದಲು, ಕ್ಯಾಮೆರಾ ನಂತರ

ಸಿನಿಮಾ ನಿರ್ದೇಶಕರೆಂದೇ ಜಗತ್ತು ಬಲ್ಲ ಸತ್ಯಜಿತ್ ರೇ (1921-1992) ವೃತ್ತಿ ಆರಂಭಿಸಿದ್ದು ಗ್ರಾಫಿಕ್ ವಿನ್ಯಾಸಕಾರರಾಗಿ. ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತ ಅವರು 1943ರಲ್ಲಿ ಕೋಲ್ಕತಾದ ಡಿ.ಜೆ. ಕೀಮರ್ ಜಾಹೀರಾತು ಸಂಸ್ಥೆಯನ್ನು 80 ರೂಪಾಯಿ ಮಾಸಿಕ ಸಂಬಳಕ್ಕೆ ಸೇರಿದರು.

ಸಿಗ್ನೆಟ್ ಪ್ರೆಸ್‌ನ ಪುಸ್ತಕಗಳಿಗೆ ಮುಖಪುಟ ರಚಿಸುತ್ತಿದ್ದಾಗ, ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವ ಕೆಲಸ ಒದಗಿತು. 1955ರಲ್ಲಿ ತೆರೆಕಂಡ ಅವರ ಮೊದಲ ಸಿನಿಮಾಕ್ಕೆ ಅದೇ ಬೀಜವಾಯಿತು. ಮುಂದೆ ತಮ್ಮ ಸಿನಿಮಾಗಳ ಪೋಸ್ಟರ್‌ಗಳನ್ನೂ ‘ರೇ ರೋಮನ್’ ಮೊದಲಾದ ಇಂಗ್ಲಿಷ್ ಅಕ್ಷರಶೈಲಿಗಳನ್ನೂ ಅವರು ರೂಪಿಸಿದರು.

ತಾತ ಉಪೇಂದ್ರಕಿಶೋರ್ ಆರಂಭಿಸಿದ್ದ ಮಕ್ಕಳ ಪತ್ರಿಕೆ ‘ಸಂದೇಶ್’ಗೆ 1961ರಲ್ಲಿ ಮರುಜೀವ ನೀಡಿದರು. ವಿಜ್ಞಾನಿ ಪ್ರೊಫೆಸರ್ ಶೊಂಕು, ಪತ್ತೇದಾರ ಫೆಲೂದಾ ಹುಟ್ಟಿದ್ದು ಆ ಪುಟಗಳಲ್ಲೇ. ನಂತರದ ವರ್ಷಗಳಲ್ಲಿ ಅವರ ಸಂಸಾರಕ್ಕೆ ಸಿನಿಮಾಗಳಿಗಿಂತ ಈ ಪುಸ್ತಕಗಳ ಆದಾಯವೇ ಹೆಚ್ಚಿನ ಆಸರೆಯಾಯಿತು.